ಭಾವನ ಕೆನ್ನೆಯ ಗಂಟು

ನಮ್ಮ ಭಾವ ಇಪ್ಪತ್ತಾರು ವರ್ಷದಿಂದ ನೆಲಕ್ಕೆ ಟೈಲ್ಸ್ ಹಾಕುವವನು. ಸಿಮೆಂಟು ಕಲಸಿ ಕೊಡುವುದು, ಟೈಲು ಕತ್ತರಿಸಿ ಕೊಡುವುದು ನನ್ನ ಪಾಲಿನದು. ಇಡೀ ದಿನ ತಲೆ ತಗ್ಗಿಸಿಕೊಂಡೇ ಇರುವ ಮನುಷ್ಯ. ಹಾಕಿದ ಪ್ರತಿ ಟೈಲನ್ನೂ ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳುತ್ತಾನೆ. ಟೊಳ್ಳು ಅನ್ನಿಸಿದರೆ ಮನೆಯವರು ಮೆಚ್ಚಿಕೊಂಡಿದ್ದರೂ ಕಿತ್ತು ಹಾಕುತ್ತಾನೆ. ಇದಕ್ಕೇ ನಮಗೆ ಎಷ್ಟು ಜಗಳವಾಗಿದೆಯೋ.

ಅವನ ಕಿವಿಯ ಕೆಳಗೆ, ದವಡೆಯ ಮೇಲೆ ಗಂಟೊಂದು ಎದ್ದಿತು. ಹಲ್ಲಿನ ಬಾವು ಅಂತ ಆರು ತಿಂಗಳು ತಳ್ಳಿದ. ಕೊನೆಗೆ ಅಕ್ಕ ಅತ್ತು ಕರೆದು ನನ್ನ ಜೊತೆ ಆಸ್ಪತ್ರೆಗೆ ಕಳಿಸಿದಳು. ಜೊಲ್ಲುಗ್ರಂಥಿಯ ಗೆಡ್ಡೆ ಇರಬಹುದು, ಸೂಜಿ ಚುಚ್ಚಿ ನೋಡಬೇಕು, ಕ್ಯಾನ್ಸರ್ ಆಗಿದ್ದರೆ ಕೊಯ್ಯಬೇಕು, ಆಗ ಮುಖದ ನರಕ್ಕೆ ಪೆಟ್ಟಾದರೆ ಬಾಯಿ ಸೊಟ್ಟಗಾಗಬಹುದು ಎಂದರು ಡಾಕ್ಟರಮ್ಮ. ನಿನ್ನಕ್ಕನೇನು ನನ್ನ ಮುಖ ನೋಡಿ ಮದುವೆಯಾದವಳಾ ಬಿಡು ಎಂದು ಭಾವ ನಕ್ಕ. ಅವತ್ತಿನಿಂದ ನಾನು ಸಿಕ್ಕಸಿಕ್ಕವರ ಮೇಲೆ ಹರಿಹಾಯ್ದೆ. ಹೆದರಿಕೆಯಾದರೆ ನನಗೆ ಬರುವುದು ಸಿಟ್ಟೇ.

ಸೂಜಿ ಹಾಕುವ ದಿನ ಡಾಕ್ಟರಮ್ಮ ಕೈಗವಸು ಹಾಕಿಕೊಳ್ಳುತ್ತಿದ್ದರು. ಸ್ಟೂಲಿನ ಮೇಲೆ ಕೂತಿದ್ದ ಭಾವನ ಕಾಲಡಿ ಒಂದು ಟೈಲು ಕಟಕ್ ಎಂದಿತು. ಅಷ್ಟೇ, ಈ ಮಹಾರಾಯ ಪೂರಾ ಬಗ್ಗಿ ತಟ್ಟತೊಡಗಿದ. ಅದು, ಅದರ ಪಕ್ಕದ್ದು, ಮತ್ತೊಂದು.

"ಪ್ರಾಣ ಹೋಗೋ ಹೊತ್ತಲ್ಲೂ ಟೈಲ್ಸಾ? ಏಳು ಭಾವ ಮೇಲೆ," ಎಂದು ರೇಗಿದೆ.

"ಕೆಳಗೆಲ್ಲ ಟೊಳ್ಳು ಕಣೋ," ಎಂದ, ಬಗ್ಗಿಕೊಂಡೇ.

"ಏಳಬೇಡಿ. ಹಾಗೇ ಇರಿ," ಎಂದರು ಡಾಕ್ಟರಮ್ಮ.

ಅವರ ದನಿ ಕೇಳಿ ನಾನೂ ಬಗ್ಗಿ ನೋಡಿದೆ. ಗೋಲಿಯಷ್ಟಿದ್ದ ಗಂಟು ನಿಂಬೆಹಣ್ಣಿನಷ್ಟು ಉಬ್ಬಿ ನೀಲಿಗಟ್ಟಿತ್ತು. ನೆಟ್ಟಗೆ ಕೂರಿಸಿದರು, ಇಳಿಯಿತು. ಬಗ್ಗಿಸಿದರು, ಮತ್ತೆ ಉಬ್ಬಿತು. ಕೆಲಸದಲ್ಲೂ ಹೀಗೇ ಆಗುತ್ತಾ ಎಂದು ಕೇಳಿದರು. ಸಂಜೆಗೆ ದಪ್ಪವಾಗುತ್ತೆ, ಅದಕ್ಕೇ ಇಲ್ಲಿಗೆ ಬರುವ ಹಿಂದಿನ ದಿನ ರಜೆ ಹಾಕಿ ಮಲಗಿ ಇಳಿಸಿಕೊಂಡು ಬರ್ತೀನಿ ಎಂದ ಭಾವ. ನಿಮ್ಮ ಮುಂದೆ ಅಷ್ಟು ಕೆಟ್ಟದಾಗಿ ಕಾಣಬಾರದಲ್ಲ ಅಂತ ಬೇರೆ ಸೇರಿಸಿದ.

ಡಾಕ್ಟರಮ್ಮ ಸೂಜಿ ಕೆಳಗಿಟ್ಟು ಎಂಆರ್‌ಐ ಸ್ಕ್ಯಾನಿಗೆ ಬರೆದರು. ವರದಿ ಬರಲು ಮೂರು ದಿನ. ಆ ಮೂರು ದಿನ ಅಕ್ಕನ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಗೆಡ್ಡೆಯಲ್ಲ, ರಕ್ತನಾಳಗಳು ಗೋಜಲಾದ ಗಂಟು, ಬಗ್ಗಿದಾಗ ರಕ್ತ ತುಂಬಿ ಉಬ್ಬುತ್ತದೆ ಎಂದರು ಡಾಕ್ಟರಮ್ಮ. ಅಪರೂಪದ್ದಂತೆ, ನೋಡಲು ಜೊಲ್ಲುಗ್ರಂಥಿಯ ಗೆಡ್ಡೆಯ ಹಾಗೇ ಇರುತ್ತದಂತೆ. ಸೂಜಿ ಚುಚ್ಚಿದ್ದರೆ ಬರೀ ರಕ್ತ ಬರುತ್ತಿತ್ತು, ಏನೂ ತಿಳಿಯುತ್ತಿರಲಿಲ್ಲ. ಕ್ಯಾನ್ಸರಲ್ಲ, ಮದ್ದು ಚುಚ್ಚಿ ಕುಗ್ಗಿಸಬಹುದು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅಕ್ಕನಿಗೆ ಫೋನು ಮಾಡಿದೆ.

ಭಾವ ಮತ್ತೆ ಕೆಲಸಕ್ಕೆ ಬರುತ್ತಿದ್ದಾನೆ. ಅವನು ಬಗ್ಗಿದಾಗೆಲ್ಲ ಕಲಸುವುದು ಬಿಟ್ಟು ಅವನ ಕೆನ್ನೆ ನೋಡುತ್ತಾ ನಿಲ್ಲುತ್ತೇನೆ. ಸಿಮೆಂಟು ಗಟ್ಟಿಯಾಗಿ ಹೋಗುತ್ತದೆ. ಅವನು ಬೈಯುತ್ತಾನೆ. ನಾನು ತಿರುಗಿ ಬೈಯುವುದಿಲ್ಲ.