ಕೆನ್ನೆ ಸ್ವಿಚ್ಚು ಮತ್ತು ಎತ್ತದೆ ಬಿಟ್ಟ ಫೋನು

2008ನೇ ಇಸವಿಯ ಆರಂಭ. ರಾಮನಗರ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ನಾನು ಅಂಗವಿಕಲರ ಪುನರ್ವಸತಿಯ ಒಂದು ಸಣ್ಣ ಸಂಸ್ಥೆಯಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್ ಆಗಿದ್ದೆ. ಹೆಸರು ಉದ್ದವಿದ್ದರೂ ಕೆಲಸ ಇಷ್ಟೇ: ಕೈಕಾಲು ಸ್ವಾಧೀನವಿಲ್ಲದವರು ಉಣ್ಣಲು, ಕೂರಲು, ಬರೆಯಲು ಏನಾದರೊಂದು ದಾರಿ ಹುಡುಕಿಕೊಡುವುದು. ರಾಮನಗರ, ಮಾಗಡಿ ಎರಡೂ ತಾಲ್ಲೂಕುಗಳಿಗೆ ನಾನೊಬ್ಬಳೇ. ಆಗ ನನಗೆ ನಲವತ್ತೆಂಟು. ಬಸ್ಸಿಳಿದು ಮೂರು ಕಿಲೋಮೀಟರ್ ನಡೆದು ಇನ್ನೊಬ್ಬರ ಕೀಲುಗಳಿಗೆ ವ್ಯಾಯಾಮ ಹೇಳಿಕೊಡುವಷ್ಟರಲ್ಲಿ ನನ್ನ ಮಂಡಿಗಳೇ ಚೀರುತ್ತಿದ್ದವು.

ಶಿವಲಿಂಗನ ಮನೆ ಇದ್ದದ್ದು ತಿಪ್ಪಸಂದ್ರದಿಂದಾಚೆಯ ಒಂದು ಸಣ್ಣ ಹಳ್ಳಿಯಲ್ಲಿ. ವಯಸ್ಸು ಮೂವತ್ತನಾಲ್ಕು. ಬಿಡದಿ ಕಡೆ ಲಾರಿಗಳಿಗೆ ಸರಕು ತುಂಬುವ ಕೆಲಸದಲ್ಲಿದ್ದಾಗ ಲೋಡಿನ ಮೇಲಿಂದ ಬಿದ್ದು ಕುತ್ತಿಗೆಯ ಬೆನ್ನುಹುರಿ ಜಖಂ ಆಗಿತ್ತು. ಮಾತು, ಬುದ್ಧಿ ಎಲ್ಲ ಸರಿಯಾಗಿಯೇ ಇತ್ತು. ತಲೆಯನ್ನು ಎರಡೂ ಕಡೆ ಹೊರಳಿಸಬಲ್ಲ. ಕತ್ತಿನಿಂದ ಕೆಳಗೆ ಏನೂ ಆಡದು. ಹೆಂಡತಿ ಜಯಮ್ಮ ಬೆಳಿಗ್ಗೆ ಏಳಕ್ಕೆ ಬಿಡದಿಯ ಗಾರ್ಮೆಂಟ್ಸ್‌ಗೆ ಹೊರಟರೆ ಬರುವುದು ಸಂಜೆಯೇ. ತಾಯಿ ಕೆಂಪಮ್ಮ ಎಂಟಕ್ಕೆ ಕುರಿ ಹೊಡೆದುಕೊಂಡು ಹೋಗಿ ಹನ್ನೆರಡಕ್ಕೆ ಬರುತ್ತಿದ್ದರು. ನಡುವಿನ ನಾಲ್ಕು ಗಂಟೆ ಮನೆಯಲ್ಲಿ ಅವನೊಬ್ಬನೇ.

ಆ ನಾಲ್ಕು ಗಂಟೆಗಳದೇ ನನಗೆ ಚಿಂತೆ. ಇಂಥವರಿಗೆ ಮೂತ್ರಕ್ಕೆ ಕೆಥೆಟರ್ ಎಂಬ ನಳಿಕೆ ಹಾಕಿರುತ್ತಾರೆ. ಅದು ಮಡಚಿಕೊಂಡು ಮೂತ್ರ ಕಟ್ಟಿದರೆ, ಹೊಟ್ಟೆಯ ನೋವು ಅವರಿಗೆ ತಿಳಿಯುವುದಿಲ್ಲ. ಬದಲಿಗೆ ಬ್ಲಡ್ ಪ್ರೆಷರ್ ಸರ್ರನೆ ಏರುತ್ತದೆ. ತಲೆ ಸಿಡಿಯುತ್ತದೆ, ಮುಖ ಬೆವರುತ್ತದೆ. ಬೇಗ ಯಾರಾದರೂ ನಳಿಕೆ ಸರಿಮಾಡಿದರೆ ಬದುಕು, ಇಲ್ಲದಿದ್ದರೆ ಮೆದುಳಿನಲ್ಲಿ ರಕ್ತಸ್ರಾವವಾಗಬಹುದು.

ಹಾಗಾಗಿ ಅವನಿಗೊಂದು ಸ್ವಿಚ್ಚು ಮಾಡಿದೆ. ಆಗಿನ ಒಂದು ಬಗೆಯ ಬಟನ್ ಫೋನಿನಲ್ಲಿ ಹೆಡ್‌ಸೆಟ್‌ನ ಗುಂಡಿಯನ್ನು ಎರಡು ಸೆಕೆಂಡ್ ಒತ್ತಿ ಹಿಡಿದರೆ, ಕೊನೆಯ ಬಾರಿ ಮಾಡಿದ ನಂಬರಿಗೇ ಮತ್ತೆ ಕಾಲ್ ಹೋಗುತ್ತಿತ್ತು. ವಿದೇಶದ ಸ್ವಿಚ್ಚಿಗೆ ಅರ್ಜಿ ಹಾಕಿ ಕಾಯುವ ತಾಳ್ಮೆ ನನಗಿರಲಿಲ್ಲ. ಮಾಗಡಿಯ ರೇಡಿಯೊ ರಿಪೇರಿ ಅಂಗಡಿಯಲ್ಲಿ ಆ ಗುಂಡಿಯಿಂದ ಎರಡು ವೈರ್ ಹೊರಗೆಳೆಸಿ, ಪ್ಲಾಸ್ಟಿಕ್ ಮುಚ್ಚಳದ ಕೆಳಗೆ ಸಣ್ಣ ಸ್ವಿಚ್ಚು ಕೂರಿಸಿ, ಬಗ್ಗಿಸಿದ ಪೈಪಿನ ತುದಿಗೆ ಕಟ್ಟಿ ಅವನ ಎಡಗೆನ್ನೆಯ ಪಕ್ಕಕ್ಕೆ ತಂದೆ. ನಿದ್ದೆಯಲ್ಲಿ ಹೊರಳಿದರೆ ಒತ್ತಬಾರದು, ಬೇಕೆಂದಾಗ ಒತ್ತದೆ ಇರಬಾರದು. ಆ ಒಂದು ಅಂಗುಲದ ಲೆಕ್ಕಕ್ಕೆ ಎರಡು ವಾರ ಹಿಡಿಯಿತು.

ಜಯಮ್ಮನ ಫ್ಯಾಕ್ಟರಿಯಲ್ಲಿ ಫೋನನ್ನು ಗೇಟಿನಲ್ಲೇ ಇಟ್ಟು ಹೋಗಬೇಕಿತ್ತು. ಆದ್ದರಿಂದ ಕಾಲ್ ಹೋಗಬೇಕಾದದ್ದು ಕೆಂಪಮ್ಮನಿಗೆ. ಅವರಿಗೊಂದು ಹಳೆಯ ಸೆಟ್ಟು ಕೊಡಿಸಿ ನಿಯಮ ಮಾಡಿದೆ. ಬೆಳಿಗ್ಗೆ ಹೊರಡುವ ಮುಂಚೆ ಜಯಮ್ಮ ಗಂಡನ ಫೋನಿನಿಂದ ಅತ್ತೆಗೆ ಒಂದು ಮಿಸ್ಡ್ ಕಾಲ್ ಕೊಡಬೇಕು. ಆಗ ಕೊನೆಯ ನಂಬರ್ ಅವರದೇ ಆಗಿರುತ್ತದೆ. ಕೆನ್ನೆಗೆ ರೂಢಿಯಾಗಲೆಂದು ಶಿವಲಿಂಗ ದಿನಕ್ಕೆ ಹತ್ತು ಸಲ ಒತ್ತಬೇಕು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಜಯಮ್ಮ ನೆಮ್ಮದಿಯಿಂದ ಕೆಲಸಕ್ಕೆ ಹೋದಳು.

ಇಪ್ಪತ್ತಮೂರನೆಯ ದಿನ ನಳಿಕೆ ಸೊಂಟದ ಕೆಳಗೆ ಸಿಕ್ಕಿ ಮಡಚಿಕೊಂಡಿತು. ಶಿವಲಿಂಗ ಒತ್ತಿದ. ಸ್ವಿಚ್ಚು ಕೆಲಸ ಮಾಡಿತು, ಫೋನೂ ಮಾಡಿತು. ಗೋಮಾಳದಲ್ಲಿದ್ದ ಕೆಂಪಮ್ಮನ ಮಡಿಲಲ್ಲಿ ರಿಂಗ್ ಆಯಿತು. ಮತ್ತೆ ಮತ್ತೆ ಆಯಿತು. ಅವರು ಎತ್ತಲಿಲ್ಲ. ಹನ್ನೆರಡಕ್ಕೆ ಮನೆಗೆ ಬಂದವರು ಮಗನ ಮುಖ ನೋಡಿ, ನಾನು ಹೇಳಿಕೊಟ್ಟಿದ್ದಂತೆ ಮೊದಲು ನಳಿಕೆ ಬಿಡಿಸಿದರು. ಅದರಿಂದ ಜೀವ ಉಳಿಯಿತು. ಆಸ್ಪತ್ರೆಯಲ್ಲಿ ನಾನು ನೋಡುವಾಗ ಅವನ ಬಾಯಿಯ ಎಡ ಅಂಚು ವಾಲಿತ್ತು, ಮಾತು ತೊದಲುತ್ತಿತ್ತು.

ವಾರ್ಡಿನ ಹೊರಗೆ ಕೆಂಪಮ್ಮ ಗೋಡೆಗೊರಗಿ ಕೂತಿದ್ದರು. ಫೋನ್ ಯಾಕೆ ಎತ್ತಲಿಲ್ಲ ಎಂದು ಕೇಳಿದೆ. ನನ್ನ ದನಿಯಲ್ಲಿ ಸಿಟ್ಟಿತ್ತು, ಸುಳ್ಳು ಹೇಳುವುದಿಲ್ಲ.

“ಎತ್ತಬಾರ್ದು ಅಂದಿದ್ರಲ್ಲ ಮೇಡಮ್ಮೋರೆ. ಬೆಳಗ್ಗೆ ಸೊಸೆ ಹೊಡುದ್ರೂ ಎತ್ತಂಗಿಲ್ಲ. ಆಮೇಕೆ ಇವ್ನು ಹತ್ತು ಸಲ ಒತ್ತಾನೆ, ಅದ್ನೂ ಎತ್ತಂಗಿಲ್ಲ. ಅವತ್ತು ಒಸಿ ಜಾಸ್ತಿನೇ ಹೊಡ್ಕತು. ಮಗ ಚೆಂದಾಗಿ ಕಲ್ತ್ಕತಾವ್ನೆ ಅಂತ ಕುಸಿಯಾಗಿ ಕೂತಿದ್ದೆ.”

ರಿಂಗಾದರೆ ಎತ್ತದೆ ಬಿಡುವುದು ಆ ಕಾಲದಲ್ಲಿ ಊರೂರಿನ ರೂಢಿ. ಬಸ್ಸಿಳಿದೆ ಎಂದರೆ ಒಂದು ಮಿಸ್ಡ್ ಕಾಲ್, ಊಟಕ್ಕೆ ಬಾ ಎಂದರೆ ಎರಡು. ಆ ರೂಢಿ ಸಾಲದೆಂದು ನಾನೇ ಇಪ್ಪತ್ತೆರಡು ದಿನ ಅವರಿಗೆ ‘ಈ ಫೋನು ಹೊಡೆದುಕೊಂಡರೆ ಎತ್ತಬೇಡಿ’ ಎಂದು ತರಬೇತಿ ಕೊಟ್ಟಿದ್ದೆ. ವೈರ್, ಚಾರ್ಜು, ಸಿಗ್ನಲ್, ಕೆನ್ನೆಯ ಬಲ ಎಲ್ಲ ಪರೀಕ್ಷಿಸಿದವಳು, ಗೋಮಾಳದಲ್ಲಿ ಕೂತ ಆ ಹೆಂಗಸಿಗೆ ಏನು ಕೇಳಿಸುತ್ತದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಅವರೆದುರು ತಪ್ಪೊಪ್ಪಿಕೊಂಡೆ. ಅವರು ನನ್ನನ್ನು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಆಮೇಲೆ ನಿಯಮ ಬದಲಿಸಿದೆ. ಬೆಳಗಿನ ಕಾಲ್ ಅನ್ನು ಕೆಂಪಮ್ಮ ಎತ್ತಿ ‘ಹೂಂ’ ಅನ್ನಬೇಕು. ಅಭ್ಯಾಸದ ಒತ್ತುವಿಕೆ ಪೂರ್ತಿ ಬಂದ್. ಅದಾದ ಮೇಲೆ ಆ ಫೋನು ಒಂದೇ ಒಂದು ಸಲ ಹೊಡೆದುಕೊಂಡರೂ, ಎತ್ತಲು ನಿಲ್ಲದೆ ಎದ್ದು ಬರಬೇಕು.

ಆದರೆ ಈಗ ಶಿವಲಿಂಗನೇ ಒಪ್ಪಲಿಲ್ಲ. ಜಯಮ್ಮನ ರಜೆ ಮುಗಿದಿತ್ತು. ಸೋಮವಾರ ಬಾರದಿದ್ದರೆ ಬರಲೇಬೇಡ ಎಂದು ಸೂಪರ್‌ವೈಸರ್ ಹೇಳಿಕಳಿಸಿದ್ದ. ಮನೆ ನಡೆಯುತ್ತಿದ್ದುದೇ ಆ ಕೆಲಸದಿಂದ. ಅದರ ಹಿಂದಿನ ಶನಿವಾರ, ಎಡಗೆನ್ನೆ ಸೋತಿದ್ದರಿಂದ ಸ್ವಿಚ್ಚನ್ನು ಬಲಗೆನ್ನೆಗೆ ಕಟ್ಟಲು ಹೋದಾಗ ಅವನು ತಲೆಯನ್ನು ಗೋಡೆ ಕಡೆ ಹೊರಳಿಸಿದ.

“ಒತ್ತಿ ಏನ್ ಮಾಡ್ಲಿ ಮೇಡಂ? ಅವತ್ತು ಕಣ್ಣು ಕತ್ಲೆ ಬರೋಗಂಟ ಒತ್ತಿದ್ದೆ.”

ಜಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, “ನಾನ್ ಕೆಲ್ಸ ಬುಟ್ಬುಡ್ತೀನಿ ಅತ್ತೆ,” ಎಂದಳು. ಕೆಂಪಮ್ಮ ಕೋಲು ತೆಗೆದುಕೊಂಡು ಕುರಿ ಹೊಡೆದುಕೊಂಡು ಹೊರಟರು. ಜಯಮ್ಮ ಹೊಸ ನಿಯಮದಂತೆ ಕಾಲ್ ಮಾಡಿದಳು, ಅತ್ತ ‘ಹೂಂ’ ಬಂತು. ನಾನು ಸ್ವಿಚ್ಚು ಕಟ್ಟಿ ಮಂಚದ ಪಕ್ಕ ಕೂತೆ. ಸಾಕಾಗಿತ್ತು. ಅವನನ್ನು ಓಲೈಸಲು ನನಗೆ ಮುಖವಿರಲಿಲ್ಲ.

ಅರ್ಧ ಗಂಟೆಯ ಮೇಲೆ ಅವನು ಮೆಲ್ಲಗೆ ತಲೆ ಹೊರಳಿಸಿ ಒತ್ತಿದ. ನಳಿಕೆ ನೋಡಿದೆ, ಸರಿಯಾಗಿಯೇ ಇತ್ತು. ಅವನು ಬಾಗಿಲನ್ನೇ ನೋಡುತ್ತಿದ್ದ. ನಾನೂ ಜಯಮ್ಮನೂ ಬಾಗಿಲನ್ನೇ ನೋಡಿದೆವು. ಎಂಟು ನಿಮಿಷಕ್ಕೆ ಕೆಂಪಮ್ಮ ಏದುಸಿರು ಬಿಡುತ್ತ ಒಳಗೆ ಬಂದರು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ನೇರ ಬಂದು ಮಗನ ಹೊದಿಕೆ ಎತ್ತಿ ನಳಿಕೆ ಹಿಡಿದು ನೋಡಿದರು.

“ಏನಾಯ್ತ್ಲಾ ಮಗ?”

“ಏನಿಲ್ಲ ಕಣವ್ವ. ನೀನ್ ಬತ್ತೀಯೋ ಇಲ್ವೋ ಅಂತ ಒತ್ತುದೆ.”

ನಾನು ಬೈಗುಳಕ್ಕೆ ಕಾದೆ. ಅತ್ತ ಕುರಿಗಳು ಯಾರದೋ ಹುರುಳಿ ಹೊಲಕ್ಕೆ ನುಗ್ಗಿದ್ದವು. ಆ ಜಗಳ ಆಮೇಲೆ ವಾರ ನಡೆಯಿತಂತೆ. ಕೆಂಪಮ್ಮ ಮಂಚದ ಅಂಚಿಗೆ ಕೂತು ಉಸಿರು ಸುಧಾರಿಸಿಕೊಂಡರು. ಅವನ ವಾಲಿದ ಬಾಯಂಚಿನ ಜೊಲ್ಲನ್ನು ಸೆರಗಿನಿಂದ ಒರೆಸಿದರು.

“ಬತ್ತೀನಿ ಕಣ್ಲಾ. ಸುಮ್‌ಸುಮ್ಕೆ ಒತ್ತುದ್ರೂ ಬತ್ತೀನಿ.”

ಸೋಮವಾರ ಜಯಮ್ಮ ಕೆಲಸಕ್ಕೆ ಹೋದಳು.

ಅಲ್ಲಿಂದ ನಿವೃತ್ತಳಾಗುವವರೆಗೆ, ಯಾರಿಗೆ ಯಾವ ಕರೆಯುವ ಸಾಧನ ಕೊಡುವಾಗಲೂ, ಮೊದಲ ದಿನ ನಾನು ಕರೆಯುವವರ ಬಳಿ ಕೂರುತ್ತಿರಲಿಲ್ಲ. ಕರೆ ಕೇಳಿಸಿಕೊಳ್ಳಬೇಕಾದವರ ಜೊತೆ ಹೊಲಕ್ಕೋ, ರೇಷ್ಮೆ ಮನೆಗೋ ಹೋಗಿ ಕೂತು, ಅದು ಹೊಡೆದುಕೊಂಡಾಗ ಅವರು ಏನು ಮಾಡುತ್ತಾರೆಂದು ನೋಡುತ್ತಿದ್ದೆ. ನನ್ನ ವೃತ್ತಿ ಕಲಿಸಿದ ದೊಡ್ಡ ಪಾಠ ಅದೇ. ಅದನ್ನು ಕಲಿಯಲು ಶಿವಲಿಂಗನ ಬಾಯಿ ವಾಲಬೇಕಾಯಿತಲ್ಲ ಎಂಬ ಸಂಕಟ ಮಾತ್ರ ನನ್ನ ಜೊತೆ ನಿವೃತ್ತಿಯಾಗಲಿಲ್ಲ.