ಮೊಬೈಲ್ ಮುಟ್ಟಿ ಕೈ ತೊಳೆಯುತ್ತಿದ್ದ ಮೇಡಂ

ಮೊಬೈಲ್ ಮುಟ್ಟಿದ ಮೇಲೆ ಸಾಬೂನು ಹಚ್ಚಿ ಕೈ ತೊಳೆದುಕೊಳ್ಳುವವರನ್ನು ನಾನು ಕಂಡದ್ದು ಒಬ್ಬರನ್ನೇ. ಶಾಸ್ತ್ರಕ್ಕೆ ನೀರು ಸುರಿದುಕೊಳ್ಳುವುದಲ್ಲ. ಬೆರಳ ಸಂದಿ, ಉಗುರಿನ ಬುಡ ಎಲ್ಲ ಉಜ್ಜಿ, ಸೆರಗಿಗೆ ಒರೆಸದೆ, ಎರಡೂ ಕೈ ಮುಂದಕ್ಕೆ ಹಿಡಿದು ಗಾಳಿಗೆ ಆರಿಸಿಕೊಂಡೇ ಅವರು ತಟ್ಟೆಯ ಮುಂದೆ ಕೂರುತ್ತಿದ್ದರು. ಅವರ ಹತ್ತಿರ ಎರಡು ಮೊಬೈಲ್ ಇದ್ದವು. ಮನೆಮಂದಿಯ ಜೊತೆ ಮಾತಾಡುವ ಮೊಬೈಲ್ ಒಳಗಿರುತ್ತಿತ್ತು. ಕೆಲಸದ ಮೊಬೈಲಿಗೆ ಕೋಣೆಯೊಳಗೆ ಪ್ರವೇಶವಿರಲಿಲ್ಲ. ಅದು ಬಾಗಿಲ ಹೊರಗೆ, ಚಪ್ಪಲಿಗಳ ಪಕ್ಕದ ಸ್ಟೂಲಿನ ಮೇಲೆ ಮಲಗಿರುತ್ತಿತ್ತು. ಮಳೆಗಾಲದಲ್ಲಿ ಅದಕ್ಕೊಂದು ಪ್ಲಾಸ್ಟಿಕ್ ಚೀಲದ ಕುಲಾವಿ.

"ಒಳಗ ಇಟ್ಕೊಂಡ್ರ ಹೊಲಸ ವಾಸನಿ ಬಂದಂಗ ಆಗತೈತ್ರಿ ವೈನಿ, ನಿದ್ದೀ ಹತ್ತೂದಿಲ್ಲ," ಎನ್ನುತ್ತಿದ್ದರು. ಓಣಿಯವರಿಗೆಲ್ಲ ನಾನು ವೈನಿ, ಅಂದರೆ ಅತ್ತಿಗೆ. ಅವರಿಗೂ ಹಾಗೇ.

ವಿಜಯಮಾಲಾ ಮೇಡಂ ನಮ್ಮ ನಿಪ್ಪಾಣಿ ಮನೆಯ ಮಹಡಿಕೋಣೆಗೆ ಬಾಡಿಗೆಗೆ ಬಂದಾಗ ಊರಿಗೆ ಅಗ್ಗದ ನೆಟ್ ಬಂದು ಒಂದೆರಡು ವರ್ಷವಾಗಿತ್ತು. ಹುಟ್ಟಿದ್ದು ಹತ್ತಿರದ ಭೋಜ ಎಂಬ ಹಳ್ಳಿಯಲ್ಲಿ. ಅಥಣಿಯ ಕಡೆ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದವರು, ಕಾಲೇಜಿಗೆ ರಜೆ ಹಾಕಿ, ದೂರದ ಯಾವುದೋ ಸಂಸ್ಥೆಯ ಫೆಲೋಶಿಪ್ ಹಿಡಿದು ಬಂದಿದ್ದರು. ಮೊಬೈಲು, ನೆಟ್ಟು, ತಾವಾಗಿಯೇ ಕಲಿತುಕೊಳ್ಳುವ ಕಂಪ್ಯೂಟರುಗಳು ಸೇರಿ ಓಟು ಹಾಕುವವರ ತಲೆಯೊಳಗೆ ಏನು ಮಾಡುತ್ತವೆ ಎಂದು ಒಂದು ಊರಿನಲ್ಲಿ ಕೂತು ನೋಡುವುದು ಅವರ ಕೆಲಸ. ನಮ್ಮಲ್ಲಿ ವಾರ್ಡಿನ ಚುನಾವಣೆ ಹತ್ತಿರವಿತ್ತು. ಓಣಿಯ ಹೆಂಗಸರು ತಮಗೆ ಬಂದ ಚುನಾವಣೆಯ ಮೆಸೇಜುಗಳನ್ನೆಲ್ಲ ಅವರ ಕೆಲಸದ ಮೊಬೈಲಿಗೆ ಕಳಿಸಬೇಕು, ಕಳಿಸಿದವರ ಹೆಸರನ್ನು ಅವರು ಯಾರಿಗೂ ಹೇಳುವುದಿಲ್ಲ. ಇದಿಷ್ಟು ಕರಾರು.

ಇದನ್ನು ನಮ್ಮ ಅತ್ತೆಗೆ ತಿಳಿಸಿ ಹೇಳುವಷ್ಟರಲ್ಲಿ ಮೇಡಂಗೆ ಎರಡು ಕಪ್ ಚಹಾ ಬೇಕಾಯಿತು.

"ಅಂದ್ರ ಮಂದಿ ಕಳಿಸಿದ ಹೊಲಸು ಓದಾಕ ನಿನಗ ಪಗಾರ ಕೊಡ್ತಾರ?"

"ಹೌದ್ರಿ ಆಯಿ."

"ಅದನ್ನ ನಮ್ಮ ಮಗಾ ಫುಕಟ್ ಓದತಾನಲ್ಲವಾ."

ಕುರ್ಚಿಯಲ್ಲಿ ಕೂತು ಮೊಬೈಲ್ ನೋಡುತ್ತಿದ್ದ ನಮ್ಮ ಮನೆಯವರು ಎದ್ದು ಒಳಗೆ ಹೋದರು. ಮೇಡಂ ನಗಲಿಲ್ಲ. ನಗು ಬಂದರೆ ಅವರ ಮೂಗಿನ ತುದಿ ಮಾತ್ರ ಕೆಂಪಾಗುತ್ತಿತ್ತು. ಅವತ್ತು ಕೆಂಪಾಗಿತ್ತು.

ಮೇಡಂ ಅವರದು ಜೈನರ ಮನೆತನ. ನಲ್ಲಿಯ ಬಾಯಿಗೆ ಬಿಳಿ ಅರಿವೆ ಕಟ್ಟಿ, ಸೋಸಿದ ನೀರನ್ನೇ ಕುಡಿಯುವುದು. ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವುದು. ಒಂದು ಇರುವೆ ಹಿಟ್ಟಿಗೆ ಬಿದ್ದರೆ ಅದನ್ನು ಕಾಗದದ ಚೂರಿನ ಮೇಲೆ ಹತ್ತಿಸಿಕೊಂಡು ಗೋಡೆಗೆ ಬಿಟ್ಟು ಬರುವವರು. ಇಂಥವರ ಕಣ್ಣಿಗೆ ಬೆಳಗಿನಿಂದ ಸಂಜೆಯವರೆಗೆ ಬೀಳುತ್ತಿದ್ದದ್ದು ಏನು? ಒಂದು ಜಾತಿಯವರು ಇನ್ನೊಂದು ಜಾತಿಯ ತಾಯಂದಿರ ಬಗ್ಗೆ ಬರೆದದ್ದು. ಮಸೀದಿ ಗಲ್ಲಿಯವರು ನೀರಿನ ಟಾಕಿಗೆ ಏನೋ ಹಾಕಿದರೆಂಬ ಸುಳ್ಳು. ಯಾರದೋ ಮಗಳ ಫೋಟೋ. ಕೆಳಗೆ ಮಾತ್ರ ತಪ್ಪದೆ ಗುಲಾಬಿ ಹೂವು, "ಶುಭೋದಯ". ನಮ್ಮೂರ ಜನ ಹೊಲಸನ್ನು ಕೂಡ ಕುಂಕುಮ ಹಚ್ಚಿಯೇ ಕಳಿಸುತ್ತಾರೆ.

"ನಮ್ಮ ಮೊಬೈಲಿಗೇ ಯಾಕ ಇಷ್ಟ ಬರತಾವ್ರಿ ಮೇಡಂ?" ಎಂದು ನಾನು ಕೇಳಿದ್ದೆ. ಮೆಸೇಜಿನ ಮಾತು ಬಿಡಿ, ಸುಮ್ಮನೆ ಅಡುಗೆಯ ವಿಡಿಯೋ ನೋಡಲು ಕೂತರೂ ಮೂರನೆಯದಕ್ಕೋ ನಾಲ್ಕನೆಯದಕ್ಕೋ ಯಾರೋ ಯಾರನ್ನೋ ಬೈಯುತ್ತಿದ್ದರು.

"ಊಟದ ಪಂಗತಿಯೊಳಗ ನೀಡಾಂವ ಇರತಾನ ನೋಡ್ರಿ, ಯಾರ ಏನ ಬಾಯಿ ಚಪ್ಪರಿಸಿ ತಿಂದ್ರು ಅಂತ ಕಣ್ಣಾಗ ಹಿಡೀತಾನ. ಮರುದಿವಸ ಕೇಳಲಾರದನ ಅದನ್ನ ನೀಡತಾನ. ಆ ಮಷಿನ್ ಹಂಗ. ನೀವು ಒಂದ್ ಗಳಿಗಿ ನಿಂತು ನೋಡಿದ್ದು ಅದಕ್ಕ ಗೊತ್ತಾಗತೈತಿ. ಹೊಟ್ಟಿ ಕೆಡತೈತೋ ಇಲ್ಲೋ, ಅದಕ್ಕೇನ?"

ನಾನು ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರುಗಳು ದಿನಾ ನಮ್ಮ ಉಗುರು ನೋಡುತ್ತಿದ್ದರು. ಅಸಹ್ಯವಾದದ್ದು ಕಂಡರೆ ಮುಖ ಕಿವುಚಬಾರದು, "ಥೂ" ಅನ್ನಬಾರದು, ಕಣ್ಣು ಬೇರೆ ಕಡೆ ತಿರುಗಿಸಬೇಕು ಎಂದು ಕಲಿಸಿದ್ದರು. ಮೊಬೈಲಿನಲ್ಲೂ ನಾನು ಹಾಗೇ ಮಾಡುತ್ತಿದ್ದೆ, ಬೆರಳಿನಿಂದ ಮೇಲಕ್ಕೆ ಸರಿಸಿಬಿಡುವುದು. ಮೇಡಂ ಅದನ್ನು ಒಪ್ಪಲಿಲ್ಲ.

"ಕಣ್ಣ ತಿರುವಿದ್ರ ಆತೇನ್ರಿ? ಹೇಸಿಗಿ ಬರಬೇಕ್ರಿ ವೈನಿ. ಬರಲಿಲ್ಲಂದ್ರ ರೂಢಿ ಆಗೇತಿ ಅಂತ ತಿಳೀರಿ."

ಅವರ ಬಾಯಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಮಾತು ಇದು.

ನಮ್ಮ ವಾರ್ಡಿನಲ್ಲಿ ಆ ಸಲ ಶೋಭಕ್ಕ ನಿಂತಿದ್ದಳು. ಗಲ್ಲಿಯ ಬಾಯಿಗೆ ಅವಳದೊಂದು ಟೇಲರಿಂಗ್ ಅಂಗಡಿ. ಗಂಡ ತೀರಿಕೊಂಡ ಮೇಲೆ ಅದರಲ್ಲೇ ಸಂಸಾರ ತೂಗಿಸಿದವಳು. ಯಾವ ಪಕ್ಷವೂ ಇಲ್ಲ, ಹೊಲಿಗೆ ಯಂತ್ರವೇ ಅವಳ ಚಿಹ್ನೆ. ಅವಳು ನಿಂತದ್ದು ಒಂದೇ ಕಾರಣಕ್ಕೆ: ನಮ್ಮ ಗಲ್ಲಿಯ ಗಟಾರ. ಅದನ್ನು ಕಟ್ಟಿಸಿದ ಗುತ್ತಿಗೆದಾರ ಇಳಿಜಾರನ್ನೇ ಉಲ್ಟಾ ಇಟ್ಟಿದ್ದ. ನೀರು ಮುಂದೆ ಹೋಗುವ ಬದಲು ನಮ್ಮ ಹೊಸ್ತಿಲಿಗೆ ವಾಪಸು ಬರುತ್ತಿತ್ತು. ಶೋಭಕ್ಕ ಆ ಮನುಷ್ಯನನ್ನು ನಡುಬೀದಿಯಲ್ಲಿ ನಿಲ್ಲಿಸಿ ಜಗಳವಾಡಿದ್ದನ್ನು ಇಡೀ ಗಲ್ಲಿ ನೋಡಿತ್ತು.

ಆ ವರ್ಷದ ಸಂಕ್ರಾಂತಿಗೆ ನಮ್ಮ ಮನೆಯಲ್ಲಿ ಹಳದಿ-ಕುಂಕುಮ ಇಟ್ಟುಕೊಂಡಿದ್ದೆ. ವಿಧವೆಯರನ್ನು ಕರೆಯುವ ರೂಢಿ ಇಲ್ಲ. ನಾನು ಶೋಭಕ್ಕನನ್ನು ಕರೆದೆ. ಬಂದಳು, ಆದರೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತುಬಿಟ್ಟಳು. ಫೋಟೋ ತೆಗೆಯುವಾಗ ನಾನೇ ಹೋಗಿ ಅವಳ ಹೆಗಲ ಮೇಲೆ ಎಡಗೈ ಹಾಕಿ ಎಳೆದು ತಂದು ನನ್ನ ಪಕ್ಕ ನಿಲ್ಲಿಸಿಕೊಂಡೆ. ಅವಳು ಹಲ್ಲು ಕಾಣುವಂತೆ ನಕ್ಕ ಒಂದೇ ಫೋಟೋ ಅದು. ನಮ್ಮ ಭಿಶಿ ಹೆಂಗಸರ ಗ್ರೂಪಿನಲ್ಲಿ, ಅಂದರೆ ತಿಂಗಳಿಗೊಮ್ಮೆ ಸೇರಿ ಚೀಟಿ ಎತ್ತುವ ನಾವಷ್ಟೇ ಇರುವ ಗ್ರೂಪಿನಲ್ಲಿ, ಅದನ್ನು ಹಾಕಿದ್ದೆವು.

ಪ್ರಚಾರ ಜೋರಾಗಿದ್ದ ಒಂದು ಮಧ್ಯಾಹ್ನ ಮೇಡಂ ನನ್ನನ್ನು ಮಹಡಿಗೆ ಕರೆದರು. ಕೆಲಸದ ಮೊಬೈಲನ್ನು ಅಂಚಿನಲ್ಲಿ ಎರಡೇ ಬೆರಳಿಂದ ಹಿಡಿದಿದ್ದರು, ಸತ್ತ ಇಲಿಯನ್ನು ಬಾಲದಿಂದ ಹಿಡಿದಂತೆ.

"ನೋಡಬೇಕಾಗೇತ್ರಿ ವೈನಿ. ಕಣ್ಣ ತಿರುವಬ್ಯಾಡ್ರಿ."

ಶೋಭಕ್ಕ, ಅದೇ ನಗು. ಪಕ್ಕದಲ್ಲಿ ನಾನಿರಲಿಲ್ಲ. ನಾನಿದ್ದ ಜಾಗದಲ್ಲಿ ಆ ಗಟಾರದ ಗುತ್ತಿಗೆದಾರ ನಿಂತಿದ್ದ, ಅವನ ಕೈ ಇವಳ ಹೆಗಲ ಮೇಲೆ. ಹಿಂದಿನ ನಮ್ಮ ಮನೆಯ ಗೋಡೆ ಅಳಿಸಿ ಯಾವುದೋ ಲಾಡ್ಜಿನ ಪರದೆ ಹಾಕಿದ್ದರು. ಕೆಳಗೆ ಮರಾಠಿಯಲ್ಲೊಂದು, ಕನ್ನಡದಲ್ಲೊಂದು ಸಾಲು. ಅವನ್ನು ನಾನಿಲ್ಲಿ ಬರೆಯಲಾರೆ.

ನನ್ನ ಕಣ್ಣು ಹೋದದ್ದು ಆ ಕೈಯ ಮೇಲೆ. ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದು ಬಳೆ ಮುಚ್ಚಿದ್ದರು. ಬೆರಳುಗಳನ್ನು ಹಾಗೇ ಬಿಟ್ಟಿದ್ದರು. ಕತ್ತರಿಸಲು ಹೋದರೆ ಶೋಭಕ್ಕನ ಸೆರಗು ಕೆಡುತ್ತಿತ್ತೇನೋ. ಹೆಬ್ಬೆರಳ ಬುಡದಲ್ಲಿ ಬೇಳೆಕಾಳಿನಷ್ಟು ಸುಟ್ಟ ಕಲೆ. ದೀಪಾವಳಿಯ ಕರ್ಚಿಕಾಯಿ ಕರಿಯುವಾಗ ಎಣ್ಣೆ ಸಿಡಿದದ್ದು.

"ಈ ಕೈ ನಂದು ಮೇಡಂ," ಎಂದೆ. ನನ್ನದೇ ಎಡಗೈಯನ್ನು ಸೀರೆಗೆ ಉಜ್ಜುತ್ತಿದ್ದೆ ಎಂದು ಆಮೇಲೆ ಗೊತ್ತಾಯಿತು.

ಮೇಡಂ ಒಳಗಿನ ಮೊಬೈಲಿನಿಂದ ಫೆಲೋಶಿಪ್ಪಿನವರಿಗೆ ಫೋನ್ ಮಾಡಿದರು. ಆ ಕಡೆ ಒಬ್ಬ ಹಿರಿಯರು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಸಭ್ಯ ದನಿ, ನಡುನಡುವೆ ಚಹಾ ಹೀರುವ ಸದ್ದು. ಮಾತು ಮುಗಿಸಿದ ಮೇಡಂ ನನ್ನ ಕಡೆ ತಿರುಗಿದರು. "ನಾನು ನೋಡಾಕ ಅಷ್ಟ ಬಂದೇನಂತ, ನಡಕ ಬೀಳಬಾರದಂತ. ಎಲ್ಲೀತನಾ ಹೋಗತೈತಿ ನೋಡ್ರಿ, ಭಾಳ ಛಲೋ ಉದಾಹರಣಿ ಸಿಕ್ಕೈತಿ ಅಂದ್ರು." ಅಷ್ಟು ಹೇಳಿ ನಲ್ಲಿಯ ಕಡೆ ನಡೆದರು. ಅವತ್ತು ಮೊದಲ ಸಲ ಅವರು ಒಳಗಿನ ಮೊಬೈಲ್ ಮುಟ್ಟಿದ್ದಕ್ಕೂ ಕೈ ತೊಳೆದರು. ಬಹಳ ಹೊತ್ತು ತೊಳೆದರು. ನೀರು ನಿಲ್ಲಿಸಿ, "ನಡೀರಿ ವೈನಿ, ಮನಿ ಮನಿಗೆ ಹೋಗಿ ಕೈ ತೋರಸೂಣು. ಫೆಲೋಶಿಪ್ ಹೋದ್ರ ಹೋಗಲಿ," ಎಂದರು.

ನಮ್ಮ ಮನೆಯವರು ಬೇಡವೆಂದರು. "ಮರ್ಯಾದಿ ಮನೀ ಹೆಂಗಸು ನೀನು. ಇಂಥಾದ್ರಾಗ ಇರೂದು ನನ್ನ ಕೈ ಅಂತ ಊರ ತುಂಬ ಹೇಳ್ಕೋತ ತಿರಗತೀಯೇನ?"

ಅತ್ತೆ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ. "ಕೈ ನಮ್ಮ ಮನೀದು. ಕೇಳಲಾರದ ಒಯ್ದಾರ. ಹೋಗಿ ತುಗೊಂಡ ಬಾ," ಎಂದರು.

ಹೋದೆವು. ಆ ಎರಡು ದಿನ ನೆನೆದರೆ ಈಗಲೂ ನನ್ನ ಬಾಯಿ ಕಹಿಯಾಗುತ್ತದೆ. ಜನ ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಯಾರೂ ಬೈಯಲಿಲ್ಲ. ಎಲ್ಲರೂ ಕೂರಿಸಿದರು, ಚಹಾ ಕೊಟ್ಟರು, ನನ್ನ ಕೈಯನ್ನು ಬದನೆಕಾಯಿಯ ಹಾಗೆ ತಿರುಗಿಸಿ ತಿರುಗಿಸಿ ನೋಡಿದರು. ನಮ್ಮ ಭಿಶಿಯ ಮಂಗಲಾ ಕನ್ನಡಕ ಹಾಕಿಕೊಂಡು ಕಲೆಯ ಮೇಲೆ ಉಗುರಿನಿಂದ ಕೆರೆದೇ ನೋಡಿದಳು.

"ಖರೇನ ನಿಮ್ಮದ ಐತ್ರಿ ಕೈ."

"ಮತ್ತ, ಮಂದಿಗೆ ಹೇಳ್ರಲಾ," ಎಂದರು ಮೇಡಂ.

"ಹೇಳತೇನ್ರಿ." ಮಂಗಲಾ ಸೆರಗಿನಿಂದ ಕನ್ನಡಕ ಒರೆಸಿದಳು. "ಆದ್ರೂ ಬೆಂಕಿ ಇಲ್ಲದ ಹೊಗಿ ಆಡೂದಿಲ್ಲ ಅಂತಾರ್ರಿ. ಒಂಟಿ ಹೆಣಮಗಳು. ಆ ಗುತ್ತಿಗೆದಾರನ ಜೋಡಿ ಜಗಳ ಆಡ್ತಿದ್ಲಲ್ಲ, ಒಳಗ ಏನೋ ಇದ್ದಿದ್ದಕ್ಕ ಅಷ್ಟ ಜಗಳ."

ಅವಳು ಕೊಟ್ಟ ಚಹಾದ ಬಟ್ಟಲಿನ ಅಂಚಿಗೆ ಕೆನೆ ಅಂಟಿತ್ತು. ಮೇಡಂ ಬಟ್ಟಲನ್ನು ಹಾಗೇ ಕೆಳಗಿಟ್ಟರು.

ಎರಡನೇ ದಿನದ ಸಂಜೆ ಅದೇ ಚಿತ್ರ ನನ್ನ ಮೊಬೈಲಿಗೇ ಬಂತು, ಹೊಸ ಸಾಲಿನೊಂದಿಗೆ: "ಕೈ ಅಷ್ಟ ವೈನೀದಂತ. ಉಳಿದದ್ದು ಯಾರದ?" ಕೆಳಗೆ ನಗುವ ಮುಖಗಳು, ಕಣ್ಣಲ್ಲಿ ನೀರು ಬರುವಷ್ಟು ನಗುವಂಥವು. ಹೇಳಿದ ನಿಜವನ್ನೇ ಮಸಾಲೆ ಮಾಡಿ ಮತ್ತೆ ನೀಡಿದ್ದರು. ನಮ್ಮ ಭಿಶಿಯಲ್ಲೇ ಕೂತು, ನನ್ನ ಕೈಯಿಂದ ಎಳ್ಳುಬೆಲ್ಲ ತಿಂದವರಲ್ಲೇ ಯಾರೋ ಒಬ್ಬರು ಆ ಫೋಟೋ ಕೊಟ್ಟವರು. ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಹಾಗಾಗಿ ಎಲ್ಲರ ಕೈಯಿಂದಲೂ ಕುಂಕುಮ ಹಚ್ಚಿಸಿಕೊಳ್ಳುವಾಗ ನನ್ನ ಹಣೆ ತಾನಾಗಿ ಹಿಂದೆ ಸರಿಯುತ್ತದೆ.

ಅವತ್ತು ನಾನು "ಥೂ" ಎಂದೆ. ದನಿ ಎತ್ತಿಯೇ ಎಂದೆ.

"ಛಲೋ ಆತ್ರಿ," ಎಂದರು ಮೇಡಂ. ಮೂಗಿನ ತುದಿ ಕೆಂಪಾಗಿರಲಿಲ್ಲ.

ಶೋಭಕ್ಕ ಕಣದಿಂದ ಹಿಂದೆ ಸರಿಯಲಿಲ್ಲ. ಅಂಗಡಿಯ ಬಾಗಿಲನ್ನೂ ಹಾಕಲಿಲ್ಲ. ಹೊಲಿಯಲು ಬಟ್ಟೆ ಬರುವುದು ಕಡಿಮೆಯಾದಾಗ ಹಳೇ ಚಿಂದಿಗಳನ್ನು ಸೇರಿಸಿ ಕೌದಿ ಹೊಲಿಯುತ್ತ ಕೂತಳು, ಮಷಿನ್ನಿನ ಸದ್ದು ಗಲ್ಲಿಗೆ ಕೇಳುತ್ತಲೇ ಇರಲಿ ಎಂದು. ಸೋತಳು. ಫಲಿತಾಂಶದ ದಿನ ನಾವಿಬ್ಬರೂ ಹೋದಾಗ ಸೂಜಿಗೆ ದಾರ ಪೋಣಿಸುತ್ತಿದ್ದಳು.

"ಗಟಾರದ ನೀರು ಸರಾಗ ಹರೀಲಿ ಅಂತ ನಿಂತಿದ್ದೆ ಮೇಡಂ. ಹರೀತ್ ನೋಡ್ರಿ, ನನ್ನ ಮ್ಯಾಲ."

ಮೇಡಂ ಅವಳ ಪಕ್ಕ ನೆಲದ ಮೇಲೆ ಕೂತರು. ಸಂಜೆ ಕತ್ತಲಾಗುವವರೆಗೂ ಕೌದಿಯ ಒಂದು ತುದಿ ಹಿಡಿದು ಕೂತಿದ್ದರು. ಅವತ್ತು ಹೊತ್ತು ಮುಳುಗಿದ್ದರಿಂದ ಊಟ ಮಾಡಲಿಲ್ಲ.

ತಾವು ಮನೆ ಮನೆಗೆ ಹೋದದ್ದನ್ನು ಅವರು ಫೆಲೋಶಿಪ್ಪಿನವರಿಗೆ ಮುಚ್ಚಿಡದೆ ತಿಳಿಸಿದರು. ಇದನ್ನು ಅಧ್ಯಯನ ಎನ್ನಲಾಗದು ಎಂಬ ಉತ್ತರ ಬಂತು, ಬಹಳ ಸಭ್ಯವಾದ ಇಂಗ್ಲಿಷಿನಲ್ಲಿ. ವರ್ಷ ತುಂಬುವ ಮುಂಚೆಯೇ ಫೆಲೋಶಿಪ್ ನಿಂತಿತು. ಪ್ರಜಾಪ್ರಭುತ್ವಕ್ಕೆ ಬಂದ ರೋಗವನ್ನು ನೋಡಲು ಕಳಿಸಿದವರು, ರೋಗಿಯ ಹಣೆಯ ಮೇಲೆ ಕೈ ಇಟ್ಟದ್ದಕ್ಕೆ ವಾಪಸು ಕರೆಸಿಕೊಂಡರು. ಅದೂ ನನಗೆ ಆ ಚಿತ್ರದಷ್ಟೇ ಹೇಸಿಗೆ.

ಬೀಳ್ಕೊಡಲು ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಚಿಕ್ಕೋಡಿಯ ಮೇಲೆ ಅಥಣಿಗೆ ಹೋಗುವ ಬಸ್ಸು ತಡವಾಗಿತ್ತು. ಮೇಡಂ ನನ್ನ ಎಡಗೈ ತೆಗೆದುಕೊಂಡು ಆ ಕಲೆಯನ್ನು ಸುಮ್ಮನೆ ನೋಡಿದರು.

"ಈ ಸಲ ಅವಸರದಾಗ ಕತ್ತರಿಸಿದ್ರು, ಒಂದು ಕೈ ಮರತ್ರು. ಅದಕ್ಕ ನಮಗ ಹೇಳಾಕಾದ್ರೂ ಏನೋ ಇತ್ತು. ಮಷಿನ್ ಕಲಿಯಾಕತ್ತೈತ್ರಿ ವೈನಿ. ನಾಳಿ ಹೆಣಮಗಳನ್ನ, ಗಂಡಸನ್ನ, ಕೈನ, ಬಳೀನ, ಎಲ್ಲಾ ತಾನ ಹುಟ್ಟಸತೈತಿ. ಆವಾಗ ಇದು ನಂದು ಅಂತ ಎದ್ದ ನಿಂತು ಹೇಳಾಕ ಯಾರೂ ಇರೂದಿಲ್ಲ."

"ಆವಾಗ ಏನ ಮಾಡೂದ್ರಿ?"

"ನನಗೂ ತಿಳೀವಲ್ದು," ಎಂದರು. ಬಸ್ಸು ಬಂತು. ಹತ್ತಿದ ಮೇಲೆ ಕಿಟಕಿಯಿಂದ ಕೈ ಬೀಸಲಿಲ್ಲ. ಗದ್ದಲದಲ್ಲಿ ಯಾರದೋ ಮಗುವಿಗೆ ಜಾಗ ಮಾಡಿಕೊಡುತ್ತಿದ್ದರು.

ಮತ್ತೆ ಅವರನ್ನು ನೋಡಲಿಲ್ಲ. ಅವರ ನಂಬರಿಗೆ ಫೋನ್ ಹೋಗುವುದಿಲ್ಲ. ಅಥಣಿಯ ಕಾಲೇಜನ್ನೂ ಬಿಟ್ಟರೆಂದು ಯಾರೋ ಹೇಳಿದರು, ಇಲ್ಲವೆಂದು ಇನ್ನೊಬ್ಬರು. ಮಹಡಿಕೋಣೆಯ ನಲ್ಲಿಯ ಬಾಯಿಗೆ ಅವರು ಕಟ್ಟಿದ ಅರಿವೆ ಹಾಗೇ ಇತ್ತು. ಅದನ್ನು ನಾನು ಬಿಚ್ಚಲಿಲ್ಲ.

ಮುಂದಿನ ಚುನಾವಣೆಯ ಹೊತ್ತಿಗೆ ಇನ್ನೊಂದು ಚಿತ್ರ ಬಂತು. ರಾಯಬಾಗದ ಕಡೆಯ ಯಾರೋ ಹೆಂಗಸು, ಪಕ್ಕದಲ್ಲಿ ಯಾರೋ ಗಂಡಸು. ನಾನು ಕಣ್ಣು ತಿರುಗಿಸಲಿಲ್ಲ. ದೊಡ್ಡದು ಮಾಡಿ ಮೂಲೆ ಮೂಲೆ ಹುಡುಕಿದೆ. ಬೆರಳು, ಬಳೆ, ಹೆಗಲು, ನೆರಳು ಎಲ್ಲ ಅದರದರ ಜಾಗದಲ್ಲಿ ಇತ್ತು. ಮನುಷ್ಯರು ಮಾಡಿದ್ದೋ ಮಷಿನ್ ಮಾಡಿದ್ದೋ, ಬಹಳ ಚೊಕ್ಕ ಕೆಲಸ. ಮೊಬೈಲನ್ನು ಹೊರಗೆ ಚಪ್ಪಲಿಗಳ ಪಕ್ಕ ಇಟ್ಟು ಬಂದು ಸಾಬೂನು ಹಚ್ಚಿಕೊಂಡೆ.

ನೀರಿನ ಸದ್ದಿಗೆ ಅತ್ತೆ ಒಳಗಿನಿಂದ ಕೇಳಿದರು: "ಮತ್ತ ಬಂತೇನ ಹೊಲಸು?"

"ಬಂತ್ರಿ ಅತ್ತಿ."

"ಯಾರ ಕೈ ಐತಿ ನೋಡಿದೇನ?"

"ನೋಡಿದೆ. ಯಾರದೂ ಇಲ್ರಿ."