ಕೆಂಪು ಕಾರಿನ ನುಣುಪು

ಕೆಂಪು ಕಾರು ಮೊದಲು ಸ್ಟಾರ್ಟ್ ಆಯಿತು ಎಂದು ನನ್ನ ನೆನಪು. ಹಸಿರೇ ಮೊದಲು ಎಂದು ಭಾವ ಇಂದಿಗೂ ವಾದಿಸುತ್ತಾರೆ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದೇವೆ, ಬೇಕೆಂತಲೇ ಅಲ್ಲದಿದ್ದರೂ.

ಭಾವನ ಊರು ಬೊಮ್ಮಸಂದ್ರದ ಆಚೆ. ಅವರ ಜಮೀನೆಲ್ಲ ಗೋದಾಮುಗಳಾಗಿ ಬಾಡಿಗೆ ತರುತ್ತಿತ್ತು. ಆನೇಕಲ್ ಕಡೆಯ ಒಂದು ರಾಗಿ ಹೊಲ ಮಾತ್ರ ಹೊಲವಾಗಿಯೇ ಉಳಿದಿತ್ತು. ಅದನ್ನು ಬರೆದುಕೊಟ್ಟರೆ ತನ್ನ ಎರಡು ಹಳೆಯ ಸ್ಪೋರ್ಟ್ಸ್ ಕಾರುಗಳಲ್ಲಿ ಒಂದನ್ನು ಕೊಡುವುದಾಗಿ ಪೀಣ್ಯದ ಒಬ್ಬ ವರ್ಕ್‌ಶಾಪ್ ಶೆಡ್ ಮಾಲೀಕ ಹೇಳಿದ್ದ. ಅಕ್ಕನಿಗೆ ದಿಗಿಲು. ಪೀಣ್ಯದಲ್ಲೇ ಬಿಡಿಭಾಗಗಳ ತಪಾಸಣೆಯ ಕೆಲಸದಲ್ಲಿರುವ ನನ್ನನ್ನು ಭಾವನ ಜೊತೆಗೆ ಹಚ್ಚಿ ಕಳಿಸಿದಳು.

ಕೆಂಪು ಇಟಲಿಯದು, ಹಸಿರು ಇಂಗ್ಲೆಂಡಿನದು. ಊಟದ ಹೊತ್ತಿಗೆ ಲಾರಿಗಳಿಲ್ಲದ ಕೈಗಾರಿಕಾ ರಸ್ತೆಯಲ್ಲಿ ಎರಡನ್ನೂ ಓಡಿಸಿದೆವು. ಹಸಿರು ಕಾರಿನ ಎರಡನೇ ಗೇರು ಕರಕರ ಎಂದಿತು. ಬ್ರೇಕಿನ ಮೇಲೆ ಎದ್ದು ನಿಲ್ಲಬೇಕಿತ್ತು. ಕೆಂಪು ಮಾತ್ರ ಕಾಲಿಟ್ಟರೆ ಸಾಕು, ಚಿಗರೆಯಂತೆ ನೆಗೆಯಿತು. ಹಾಗೆಂದು ಬರೆಯುತ್ತೇನೆ, ಆದರೆ ಫೋನಿನಲ್ಲಿ ತೆಗೆದ ವಿಡಿಯೋದಲ್ಲಿ ಎರಡರ ಸದ್ದಿಗೂ ಅಂಥ ವ್ಯತ್ಯಾಸವಿಲ್ಲ. ಚಿಗರೆಯನ್ನು ನಾನು ಆಮೇಲೆ ಸೇರಿಸಿಕೊಂಡಿರಬಹುದು.

"ಇದೇ ಕಣೋ," ಎಂದರು ಭಾವ, ಕೆಂಪಿನ ಸ್ಟಿಯರಿಂಗ್ ಬಿಡದೆ. "ಅದೇನದು ಹಸಿರು, ಟ್ರ್ಯಾಕ್ಟರ್ ಇದ್ದಂಗೆ."

ನಾನು ಎರಡರ ಬಾನೆಟ್ಟನ್ನೂ ಎತ್ತಿಸಿದೆ. ಇಂಥ ಕಾರುಗಳ ಬೆಲೆ ವೇಗದಲ್ಲಿಲ್ಲ. ಕಾರ್ಖಾನೆಯಿಂದ ಬಂದ ದಿನದ ಎಂಜಿನ್ನೇ ಈಗಲೂ ಇದೆಯೇ ಎಂಬುದರಲ್ಲಿದೆ, ಅದಕ್ಕೆ ಸಾಕ್ಷಿ ಎಂಜಿನ್ನಿನ ಮೇಲೆ ಕುಟ್ಟಿದ ಸಂಖ್ಯೆ. ಹಸಿರಿನ ಸಂಖ್ಯೆ ಜಿಡ್ಡಿನ ಕೆಳಗೆ ಸಿಕ್ಕಿತು, ದಾಖಲೆಗೆ ಹೊಂದಿತು. ಕೆಂಪಿನಲ್ಲಿ ಸಂಖ್ಯೆ ಇರಬೇಕಾದ ಜಾಗ ಕನ್ನಡಿಯಂತೆ ನುಣ್ಣಗಿತ್ತು. ನನ್ನ ಮೂಗು ಅದರಲ್ಲಿ ಕಾಣುತ್ತಿತ್ತು.

"ನಂಬರ್ ಎಲ್ಲಿ ಅಣ್ಣಾ?"

"ಅಲ್ಲಿ ರಫ್ ಇತ್ತು ಸಾರ್. ನಮ್ ಹುಡುಗ್ರು ಗ್ರೈಂಡಿಂಗ್ ಹಾಕ್ಬಿಟ್ರು," ಎಂದ ಮಾಲೀಕ. "ಫಿನಿಶಿಂಗ್ ನೋಡಿ ಹೆಂಗಿದೆ!"

ತೊಂದರೆಯೇನೆಂದರೆ ಇದು ನಿಜವಾಗಿರಬಹುದಿತ್ತು. ಪೀಣ್ಯದಲ್ಲಿ ಯಾವ ಲೋಹ ಕೈಗೆ ಬಂದರೂ ಉಬ್ಬು, ಗೀರು ತೆಗೆದು ಮಿರಮಿರ ಮಿಂಚಿಸಿ ಕಳಿಸುವುದೇ ಮರ್ಯಾದೆ. ಒರಟು ಬಿಟ್ಟರೆ ಮಾಲು ವಾಪಸ್ಸು ಬರುತ್ತದೆ. ಬಂದ ಮಾಲನ್ನು ವಾಪಸ್ಸು ಕಳಿಸುವವರಲ್ಲಿ ನಾನೂ ಒಬ್ಬ. ಅಥವಾ ಆ ಮರ್ಯಾದೆ ಗೊತ್ತಿದ್ದೇ ಅವನು ಬೇರೆ ಎಂಜಿನ್ ಕೂರಿಸಿ ಈ ಕಥೆ ಕಟ್ಟಿರಬಹುದು. ಆ ನುಣುಪು ಎರಡಕ್ಕೂ ಒಗ್ಗುತ್ತಿತ್ತು.

"ನಂಬರ್ ಇಲ್ಲದಿದ್ದರೆ ಸಂಗ್ರಹಕಾರರು ಇದನ್ನು ಮೂಸಿಯೂ ನೋಡುವುದಿಲ್ಲ," ಎಂದೆ ಭಾವನಿಗೆ.

"ನಾನೇನ್ ಮಾರಕ್ಕಾ ತಗೊಳ್ತಿರೋದು? ಓಡ್ಸಕ್ಕೆ!"

ಆಗ ಮಾಲೀಕ ನಡುವೆ ಬಾಯಿ ಹಾಕಿದ. "ಯಜಮಾನ್ರೇ, ಬೇಜಾರ್ ಮಾಡ್ಕೋಬೇಡಿ. ಅರ್ಧ ಹೊಲ ಕೊಡಿ, ಸಾಕು."

ಭಾವ ಸ್ಟಿಯರಿಂಗ್‌ನಿಂದ ಕೈ ತೆಗೆದರು. ಹೊಲ ಕೊಳ್ಳಲು ಬಂದ ದಲ್ಲಾಳಿಗಳನ್ನು ವರ್ಷಗಟ್ಟಲೆ ಜಗುಲಿಯಲ್ಲಿ ಕಾಯಿಸಿದ ಮನುಷ್ಯ ಅವರು. ಎಂಜಿನ್ನಿನ ಸಂಖ್ಯೆ ಅವರಿಗೆ ಏನೂ ಹೇಳಿರಲಿಲ್ಲ, ಇದು ಹೇಳಿತು.

"ಕಮ್ಮಿ ಮಾಡು ಅಂತ ಇನ್ನೂ ಕೇಳೇ ಇಲ್ವಲ್ಲಪ್ಪ ನಾನು. ಅಂಗೇ ಇಳಿಸ್ಬಿಟ್ಟೆ?" ಎನ್ನುತ್ತ ಕಾರಿನಿಂದ ಇಳಿದರು. ಹಸಿರಿನ ಕಡೆ ತಿರುಗಿಯೂ ನೋಡಲಿಲ್ಲ.

ವಾಪಸ್ಸು ಬರುವಾಗ ಫ್ಲೈಓವರ್ ಇಳಿದ ಮೇಲೆ ಭಾವ ರಸ್ತೆಯ ಮೇಲೇ ಕಣ್ಣಿಟ್ಟು ಕೇಳಿದರು:

"ನಿಮ್ಮಕ್ಕ ಏನಂತ ಕಳ್ಸಿದ್ಲು ನಿನ್ನ?"

"ನೋಡ್ಕೊಂಡು ಬಾ ಅಂದ್ಲು."

"ಏನ್ನ? ಕಾರನ್ನೋ, ನನ್ನನ್ನೋ?"

ನಾನು ಕಾರನ್ನು ಎಂದೆ. ಅವರು ನಂಬಲಿಲ್ಲ. ಹೊಲವೇನೋ ಉಳಿಯಿತು. ಆದರೆ ಕೆಂಪಿನ ಆ ನುಣ್ಣನೆ ಜಾಗದಲ್ಲಿ ನಿಜವಾಗಿಯೂ ಸಂಖ್ಯೆಯ ಗುರುತೇ ಇರಲಿಲ್ಲವೇ ಎಂದು ಭಾವ ಈಗಲೂ, ಅಕ್ಕ ಎದುರಿಗಿಲ್ಲದಾಗ, ನನ್ನನ್ನು ಕೇಳುತ್ತಾರೆ.